ಮಿಸ್ ಪಾರ್ಕಿನ್ನರ ಕಲ್ಲಬಾನಿ

ಹುಬ್ಬಳ್ಳಿ ಸ್ಟೇಶನ್

ವಿಲಾಯತಿಗೆ ಹೋಗಿ ಬಂದವರೆಲ್ಲ ಅಲ್ಲಿಯ ಅರಮನೆ, ಗಡಿಯಾರದ ಗೋಪುರ, ನೆಲದಡಿಯ ರೈಲು ಇವನ್ನು ಬರೆದು ಮುಗಿಸಿದ್ದಾರೆ. ನಾನು ಬರೆಯಹೊರಟದ್ದು ಒಂದು ಕಲ್ಲಬಾನಿಯ, ಅಂದರೆ ನೀರು ತುಂಬಿಡುವ ಕಲ್ಲಿನ ತೊಟ್ಟಿಯ ವಿಷಯ. ಅದರಲ್ಲಿ ನಾನು ಮಾಡಿದ ಘನಕಾರ್ಯವನ್ನು ನಮ್ಮ ಓಣಿಯವರು ಈಗಾಗಲೇ ಅರ್ಧಮರ್ಧ ಕೇಳಿ, ಉಪ್ಪು ಖಾರ ಹಚ್ಚಿ ಹೇಳತೊಡಗಿದ್ದಾರೆ. ಅದಕ್ಕಿಂತ ನಾನೇ ಹೇಳಿಬಿಡುವುದು ಒಳ್ಳೆಯದು.

ನನ್ನ ಗಂಡ ಧಾರವಾಡದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ಸಸ್ಯವೆಂದರೆ ಹೂ ಬಿಟ್ಟು ಹಣ್ಣು ಕೊಡುವ ಮರ್ಯಾದಸ್ಥ ಸಸ್ಯವಲ್ಲ, ಪಾಚಿ. ಮದುವೆಯಾದ ಹೊಸತರಲ್ಲಿ ಇವರು ನನ್ನನ್ನು ಉಣಕಲ್ ಕೆರೆಗೆ ಕರೆದೊಯ್ದರು. ಗಾಳಿಗೆ ಅಡ್ಡಾಡಲು ಎಂದು ನಾನು ಹೊಸ ಇಳಕಲ್ ಸೀರೆ ಉಟ್ಟು ಹೊರಟಿದ್ದೆ. ಇವರು ಧೋತರ ಮೇಲೆತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಬಾಟಲಿ ತುಂಬಿಕೊಂಡು ಮೇಲೆ ಬಂದರು. ಅಂದಿನಿಂದ ನಮ್ಮ ಮನೆಯ ಕಿಟಕಿಗಳಲ್ಲೆಲ್ಲ ಹಸಿರು ಬಾಟಲಿಗಳು. ಒಂದೊಂದಕ್ಕೂ ಚೀಟಿ, ಚೀಟಿಯ ಮೇಲೆ ಹೆಸರು. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕನ್ನಡ ಕಲಿಸುವವಳು. ಆ ಹೆಸರುಗಳ ಗೊಡವೆಗೆ ಹೋದವಳಲ್ಲ. ಬಾಟಲಿಯಲ್ಲಿದ್ದರೆ ಅದು ಶಾಸ್ತ್ರ, ಮುಟ್ಟಬಾರದು. ಬಾನಿಯಲ್ಲಿದ್ದರೆ ಅದು ಹೊಲಸು, ತಿಕ್ಕಬೇಕು. ಇಷ್ಟು ತಿಳಿದುಕೊಂಡಿದ್ದೆ. ಇಷ್ಟೇ ತಿಳಿದುಕೊಂಡದ್ದು ಮುಂದೆ ಮುಳುವಾಯಿತು.

ಅರವತ್ತರ ದಶಕದ ಮೊದಲಲ್ಲಿ ಇವರಿಗೆ ಆರು ತಿಂಗಳು ಲಂಡನ್ನಿನಲ್ಲಿ ಅಭ್ಯಾಸ ಮಾಡಲು ಕರೆ ಬಂತು. ನಾನೂ ಸಾಲೆಗೆ ರಜೆ ಹಾಕಿ ಜೊತೆಗೆ ಹೊರಟೆ. ಹುಬ್ಬಳ್ಳಿ ಸ್ಟೇಶನ್ನಿಗೆ ಅತ್ತೆಯವರು ಹೆಬ್ಬಳ್ಳಿಯಿಂದ ಬಂದಿದ್ದರು. ರೈಲು ಬಿಡುವ ಹೊತ್ತಿಗೆ ಕಿಟಕಿಯಿಂದ ಒಂದು ಗಂಟನ್ನು ನನ್ನ ಮಡಿಲಿಗೆ ತೂರಿಸಿದರು. ಬಿಚ್ಚಿ ನೋಡಿದರೆ ಜರಡಿ ಹಿಡಿದ ಒಲೆಯ ಬೂದಿ, ಜೊತೆಗೆ ಎರಡು ಹಿಡಿ ತೆಂಗಿನ ನಾರು.

“ಆ ದೇಶದಾಗ ಒಲಿ ಇರೂದಿಲ್ಲಂತ. ಒಲಿ ಇಲ್ಲಂದ್ರ ಬೂದಿ ಎಲ್ಲಿಂದ ಬರಬೇಕು? ಭಾಂಡೆ ಹ್ಯಾಂಗ ತಿಕ್ಕತಾರೋ, ಆ ಶಿವನ ಬಲ್ಲ,” ಎಂದರು.

“ಅವ್ವಾ, ಅಲ್ಲೆ ಸಾಬೂನಿನ ಪುಡಿ ಸಿಗತೈತಿ,” ಎಂದರು ಇವರು.

“ಸಾಬೂನು ಮೈಗೆ. ಭಾಂಡೆಗೆ ಬೂದಿ. ನೀ ಸುಮ್ನಿರು, ನಿನಗೇನು ಗೊತ್ತು.”

ಪಾಚಿಯ ಪಂಡಿತರು ಗಂಟನ್ನು ಟ್ರಂಕಿಗೆ ಸೇರಿಸಿದರು. ರೈಲು ಹೊರಟಿತು.

ಸುಂಕದ ಕಟ್ಟೆ

ಹಡಗಿನ ಪ್ರಯಾಣದ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ. ಏಡನ್ ದಾಟುವವರೆಗೆ ಮಲಗಿದ್ದೆ, ದಾಟಿದ ಮೇಲೆ ಹೊರಳಿ ಮಲಗಿದೆ.

ಆದರೆ ಇಂಗ್ಲೆಂಡಿನಲ್ಲಿ ಇಳಿದಾಗ ಸುಂಕದವನು ನಮ್ಮ ಟ್ರಂಕು ತೆಗೆಸಿದ. ನೇರ ಅವನ ಕೈ ಹೋದದ್ದು ಅತ್ತೆಯವರ ಗಂಟಿಗೇ. ಬೂದುಬಣ್ಣದ ನುಣ್ಣನೆಯ ಪುಡಿ, ಅದೂ ಸೇರುಗಟ್ಟಲೆ. ಅವನ ಹುಬ್ಬು ಮೇಲೇರಿತು. ಇದೇನು ಎಂದು ಕೇಳಿದ. ಇವರು ತರಗತಿಯಲ್ಲಿ ಪಾಠ ಹೇಳುವವರ ಹಾಗೆ ಶುರುಮಾಡಿದರು: ಸೌದೆ ಉರಿದಾಗ ಉಳಿಯುವ ಕ್ಷಾರ, ಅದರ ಗುಣ, ಅದರ ಉಪಯೋಗ. ಕೇಳಿದಷ್ಟೂ ಅವನ ಸಂಶಯ ಬೆಳೆಯಿತು. ಇನ್ನೊಬ್ಬನನ್ನು ಕೂಗಿ ಕರೆದ. ಹಿಂದಿನ ಸಾಲು ಉದ್ದವಾಗುತ್ತಿತ್ತು.

ನನಗೆ ತಡೆಯಲಿಲ್ಲ. ಟ್ರಂಕಿನಿಂದ ಹಿತ್ತಾಳೆಯ ತಂಬಿಗೆ ತೆಗೆದೆ. ನಾರಿಗೆ ಚಿಟಿಕೆ ಬೂದಿ ಹಚ್ಚಿ, ಅವನ ಮೇಜಿನ ಮೇಲೇ ನಾಲ್ಕು ಸಲ ತಿಕ್ಕಿ, ಸೆರಗಿನಿಂದ ಒರೆಸಿ ಅವನ ಮುಖದ ಮುಂದೆ ಹಿಡಿದೆ. ತಂಬಿಗೆಯಲ್ಲಿ ಅವನ ಮೀಸೆ ಫಳಫಳ ಕಂಡಿತು. ಅವನು ತಲೆ ಹಿಂದೆ ಹಾಕಿ ನಕ್ಕ. ಆಮೇಲೆ ಏನು ಮಾಡಿದ ಗೊತ್ತೆ? ತಾನು ಬಿಚ್ಚಿದ ಗಂಟನ್ನು ತಾನೇ ಮೊದಲಿನಂತೆ ಕಟ್ಟಿ, ಎರಡೂ ಕೈಯಿಂದ ನನಗೆ ಕೊಟ್ಟು, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿದ. ನಮ್ಮ ಕಡೆಯ ನಾಕಾದ ಸುಂಕದವರು ಗಂಟು ಬಿಚ್ಚುವುದನ್ನು ನೋಡಿದ್ದೇನೆ, ಕಟ್ಟಿಕೊಟ್ಟದ್ದನ್ನು ನೋಡಿಲ್ಲ. ಆ ದೇಶದ ಮೇಲೆ ನನಗೆ ಅಲ್ಲಿಯೇ ಪ್ರೀತಿ ಹುಟ್ಟಿತು.

ಕಡಲ ದಂಡೆಯ ಊರು

ಅಕ್ಟೋಬರಿನಲ್ಲಿ ನಾವು ದಕ್ಷಿಣದ ಕಡಲ ದಂಡೆಯ ಒಂದು ಊರಿಗೆ ಹೋದೆವು. ಊರಿನ ಹೆಸರು ಬರೆಯುವುದಿಲ್ಲ. ಬರೆಯಬಾರದೆಂದು ನಮ್ಮನ್ನು ಕರೆಸಿಕೊಂಡವರೇ ಮಾತು ತೆಗೆದುಕೊಂಡಿದ್ದಾರೆ. ಅಪರೂಪದ್ದು ಎಂದು ಗೊತ್ತಾದರೆ ಕಿತ್ತು ಹಾಳೆಗೆ ಅಂಟಿಸಿಕೊಳ್ಳುವ ಮಂದಿ ಬರುತ್ತಾರೆ ಎಂಬ ಹೆದರಿಕೆ ಅವರದು.

ಅವರು ಮಿಸ್ ಪಾರ್ಕಿನ್. ಎಪ್ಪತ್ತರ ಹತ್ತಿರದ ವಯಸ್ಸು, ಸಾಲೆಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಿಯಾದವರು, ಒಬ್ಬರೇ ಇರುವವರು. ಜೋಳದ ದಂಟಿನ ಹಾಗೆ ಎತ್ತರ, ತೆಳ್ಳಗೆ. ಕಾಲಿಗೆ ಗಂಡಸರ ಬೂಟು. ಇವರಿಗೂ ಅವರಿಗೂ ಹತ್ತು ವರ್ಷಗಳಿಂದ ಪಾಚಿಯ ಬಗ್ಗೆ ಪತ್ರವ್ಯವಹಾರ. ಒಬ್ಬರನ್ನೊಬ್ಬರು ನೋಡಿದ್ದು ಮಾತ್ರ ಅವತ್ತೇ. ಅವರ ಮಾತನ್ನು ನನ್ನ ಕಿವಿ ಹೇಗೆ ಕೇಳಿಸಿಕೊಂಡಿತೋ ಹಾಗೇ ನಮ್ಮ ಧಾರವಾಡದ ಮಾತಿನಲ್ಲೇ ಬರೆಯುತ್ತೇನೆ. ಓದುವವರು ಅದನ್ನು ಇಂಗ್ಲಿಷೆಂದೇ ತಿಳಿಯಬೇಕು.

“ಬರ್ರಿ ಬರ್ರಿ, ಥಂಡಿ ಭಾಳ ಐತಿ, ಒಳಗ ಬರ್ರಿ,” ಎಂದು ಬಾಗಿಲು ತೆಗೆದವರು ಹಿಂದೆ ಸರಿಯುವಾಗ ಬೆಕ್ಕಿನ ಬಾಲ ತುಳಿದರು. ತಕ್ಷಣ ಬಗ್ಗಿ, ಬೆಕ್ಕಿಗೆ “ತಪ್ಪಾತು” ಎಂದರು. ನಮ್ಮಲ್ಲಿ ಅತ್ತೆ ಸೊಸೆಗೆ, ಮಾಸ್ತರ ಹುಡುಗನಿಗೆ ಈ ಮಾತು ಹೇಳಿದ್ದನ್ನು ನಾನು ಇನ್ನೂ ಕೇಳಬೇಕಾಗಿದೆ.

ನಾನು ಒಳಗೆ ಟ್ರಂಕು ಬಿಚ್ಚಿ ಬಟ್ಟೆ ತೆಗೆಯುತ್ತಿರುವಾಗ ಮಿಸ್ ಪಾರ್ಕಿನ್ ಇವರನ್ನು ಹಿತ್ತಲಿಗೆ ಕರೆದೊಯ್ದು ಏನನ್ನೋ ತೋರಿಸಿದರು. ಇವರು ಒಳಗೆ ಬಂದಾಗ ಮುಖ ಅರಳಿತ್ತು. ಏನು ನೋಡಿದಿರಿ ಎಂದು ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ನಮ್ಮ ಸಂಸಾರ ನಡೆದದ್ದೇ ಹೀಗೆ.

ಕೆರೆಯ ಮೇಲೆ

ಮರುದಿನ ಮೂವರೂ ದೋಣಿಯಲ್ಲಿ ಹೋದೆವು. ಅಲ್ಲಿ ಕಡಲಿಗೂ ನೆಲಕ್ಕೂ ನಡುವೆ ಉರುಟು ಬೆಣಚುಕಲ್ಲುಗಳ ದೊಡ್ಡ ಒಡ್ಡು ಇದೆ. ಮನುಷ್ಯರು ಕಟ್ಟಿದ್ದಲ್ಲ, ಅಲೆಗಳೇ ತಂದು ಹಾಕಿದ್ದು. ಅದರ ಮೇಲೆ ನನ್ನ ಚಪ್ಪಲಿಯಲ್ಲಿ ನಡೆಯುವುದು ರಾಗಿ ರಾಶಿಯ ಮೇಲೆ ನಡೆದಂತೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಒಡ್ಡಿನ ಈಚೆ ಉದ್ದನೆಯ ನೀರು. ಊರ ಕಡೆಯಿಂದ ಹಳ್ಳದ ಸಿಹಿನೀರು ಬರುತ್ತದೆ, ಕಲ್ಲುಗಳ ಸಂದಿನಿಂದ ಕಡಲ ಉಪ್ಪುನೀರು ಒಸರುತ್ತದೆ. ಎರಡೂ ಕೂಡಿ ಇದು ಕಡಲೂ ಅಲ್ಲ, ಹಳ್ಳವೂ ಅಲ್ಲ. ನಾನು ಕೆರೆ ಎಂದೇ ಕರೆಯುತ್ತೇನೆ.

ದೋಣಿ ನಡೆಸುವವನು ಟಾಮ್, ಮೀನುಗಾರ. ಉದ್ದನೆಯ ಕೋಲು ಊರಿ ತಳ್ಳುತ್ತಿದ್ದ. ಕೆರೆಯ ನಡುವೆ ಒಂದು ಕಡೆ ಬಂದಾಗ ಕೋಲನ್ನು ಮೇಲೆತ್ತಿ ಹಿಡಿದು, ದೋಣಿ ತಾನೇ ತೇಲುವಂತೆ ಬಿಟ್ಟ. ಮಿಸ್ ಪಾರ್ಕಿನ್ ಮಾತು ನಿಲ್ಲಿಸಿದರು. ಅದನ್ನು ದಾಟಿದ ಮೇಲೆ ಕೋಲು ಮತ್ತೆ ನೀರಿಗೆ ಬಿತ್ತು.

“ಇಲ್ಲೆ ಕೋಲು ಊರಂಗಿಲ್ಲರಿ,” ಎಂದ ಟಾಮ್. “ನಮ್ಮಪ್ಪನ ಕಾಲದಾಗ ಯಾರಿಗೂ ಇದರ ಖಬರ್ ಇರಲಿಲ್ಲ. ಈ ಪಾರ್ಕಿನ್ ಬಾಯಾರು ಮೂವತ್ತು ವರ್ಷದ ಹಿಂದ ಹೇಳಿದ್ರು, ಕೆಳಗ ನರಿಬಾಲ ಐತಿ, ಮುರದ ಹೋಗತೈತಿ ಅಂತ. ಅವತ್ತಿಂದ ಎತ್ತಿ ಹಿಡೀತೇವಿ.”

ನರಿಬಾಲ ಎನ್ನುವುದು ಅಲ್ಲಿಯವರು ಆ ಪಾಚಿಗೆ ಇಟ್ಟ ಹೆಸರು. ಶಾಸ್ತ್ರದಲ್ಲಿ ಲ್ಯಾಂಪ್ರೊಥ್ಯಾಮ್ನಿಯಂ. ಅದನ್ನು ಹೇಳುವಷ್ಟರಲ್ಲಿ ಒಂದು ಪಂಕ್ತಿ ಊಟ ಮುಗಿಯುತ್ತದೆ. ಗೇಣುದ್ದದ ಗಿಡ, ತುದಿಯಲ್ಲಿ ಎಳೆಗಳು ಒತ್ತೊತ್ತಾಗಿ ಕೂಡಿ ನರಿಯ ಬಾಲದಂತೆ ಕಾಣುತ್ತದಂತೆ. ಬಳೆಯ ಗಾಜಿನಂತೆ ಚಟ್ಟನೆ ಮುರಿಯುತ್ತದಂತೆ. ನೀರು ಪೂರ್ತಿ ಸಿಹಿಯಾದರೂ ಸಾಯುತ್ತದೆ, ಪೂರ್ತಿ ಉಪ್ಪಾದರೂ ಸಾಯುತ್ತದೆ. ಮೇಲಿನ ಹೊಲಗಳಿಗೆ ಹಾಕಿದ, ನಮ್ಮವರು ಸರಕಾರಿ ಗೊಬ್ಬರ ಎನ್ನುವ ರಾಸಾಯನಿಕ ಗೊಬ್ಬರ ಹಳ್ಳದ ಜೊತೆ ಇಳಿದು ಬಂದರೆ ಬೇರೆ ಹೊಲಸು ಪಾಚಿ ಬೆಳೆದು ಇದಕ್ಕೆ ಬಿಸಿಲು ಮುಚ್ಚುತ್ತದೆ. ನಮ್ಮ ಓಣಿಯ ಕೆಲವು ಬೀಗರಿಗೂ ಇಷ್ಟು ಸೂಕ್ಷ್ಮ ಇರಲಿಕ್ಕಿಲ್ಲ.

“ನೋಡೂಣು, ಎಲ್ಲೈತಿ?” ಎಂದು ನಾನು ಬಗ್ಗಿದೆ. ಕೆಳಗೆ ಬರೀ ಬಿಳಿ ಬೆಣಚುಕಲ್ಲು ಕಂಡಿತು.

“ಈಗ ಇಲ್ಲ,” ಎಂದರು ಮಿಸ್ ಪಾರ್ಕಿನ್. “ಹ್ವಾದ ಚಳಿಗಾಲದಾಗ ಬಿರುಗಾಳಿಗೆ ಒಡ್ಡು ಒಡೀತು. ಕಡಲು ಒಳಗ ನುಗ್ಗಿ ಕೆಸರೆಲ್ಲಾ ಬಾಚಿಕೊಂಡು ಹೋಗಿ, ಅದರ ಮ್ಯಾಲ ಕಲ್ಲು ಹಾಕಿ ಹೋತು. ಒಂದ ಒಂದು ಗಿಡ ಉಳೀಲಿಲ್ಲ. ಬ್ಯಾರೆ ಕಡೆ ಒಂದೆರಡು ಕೆರ್ಯಾಗ ಐತಿ. ಆದರ ಇಲ್ಲಿದು ಹೋತು.”

ಹಾಗಾದರೆ ಟಾಮ್ ಕೋಲು ಎತ್ತಿದ್ದು ಯಾತಕ್ಕೆ? ನಾನು ಕೇಳಿಯೇ ಬಿಟ್ಟೆ. ಅವನು ಸ್ವಲ್ಪ ನಾಚಿದ. “ರೂಢಿ ಆಗೇತ್ರಿ. ಊರಾಕ ಕೈ ಬರೂದಿಲ್ಲ,” ಎಂದ.

ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆ ಏನು. ತಿನ್ನಲು ಬಾರದ, ಮುಡಿಯಲು ಬಾರದ, ಕಣ್ಣಿಗೂ ಕಾಣದ ಒಂದು ಹುಲ್ಲಿಗೆ ಮೀನು ಹಿಡಿಯುವವನೊಬ್ಬ ಇಷ್ಟು ಮರ್ಯಾದೆ ಕೊಡುತ್ತಾನೆ. ನಮ್ಮೂರ ಕೆಲಗೇರಿ ಕೆರೆಯಲ್ಲಿ ನಾವು ಎಮ್ಮೆ ತೊಳೆದು, ಬಟ್ಟೆ ಒಗೆದು, ಅದರಲ್ಲಿ ಏನು ಬೆಳೆದಿದೆ ಎಂದು ಒಂದು ದಿನವೂ ಕೇಳಿಲ್ಲ.

“ಆದರ ಬಿರುಗಾಳಿಗಿಂತ ಮೊದಲ ಒಂದು ಬಕೀಟು ತಂದು ನನ್ನ ಹಂತ್ಯಾಕ ಇಟ್ಕೊಂಡೇನಿ,” ಎಂದರು ಮಿಸ್ ಪಾರ್ಕಿನ್. “ಈ ಟಾಮ್ ಹೊತ್ಕೊಂಡು ಬಂದ. ಒಡ್ಡು ಮತ್ತ ಕೂಡೇತಿ. ನೀರು ಹದಕ್ಕ ಬರಾಕತ್ತೈತಿ. ಬರೂ ವಸಂತದಾಗ ತಿರುಗಿ ಇಲ್ಲೇ ತಂದು ಹಚ್ಚತೇನಿ. ಅದಕ್ಕಂತ ಇನ್ನೊಂದು ವರ್ಷ ಬದುಕಬೇಕಾಗೇತಿ ನಾನು.”

ಹಾಗೆ ಹೇಳಿ ನಕ್ಕರು, ಆದರೆ ತಮಾಷೆಯ ನಗೆಯಾಗಿರಲಿಲ್ಲ. ಅವರ ಮನೆಯ ಕಿಟಕಿಯಲ್ಲಿ ನಮ್ಮ ಮನೆಯಂತೆಯೇ ಬಾಟಲಿಗಳ ಸಾಲು ನೋಡಿದ್ದೆ. ಅವುಗಳಲ್ಲೊಂದರಲ್ಲಿ ಇರಬೇಕು ಎಂದುಕೊಂಡು, ಆ ಕಿಟಕಿಯ ಹತ್ತಿರ ಸುಳಿಯಬಾರದೆಂದು ಮನಸ್ಸಿನಲ್ಲೇ ಆಣೆ ಮಾಡಿದೆ.

ಮನೆಗೆ ಹೊರಡುವ ಮುಂಚೆ ಮಿಸ್ ಪಾರ್ಕಿನ್ ಕೆರೆಯ ನೀರನ್ನು ಬೊಗಸೆಯಲ್ಲಿ ಹಿಡಿದು, ರುಚಿ ನೋಡಲು ಹೇಳಿದರು. ಅವರ ಹತ್ತಿರ ಉಪ್ಪು ಅಳೆಯುವ ಗಾಜಿನ ಕೊಳವೆ ಇದೆ, ಆದರೂ ಮೊದಲು ನಾಲಗೆ. ನಾನು ನೋಡಿ, “ಉಪ್ಪು ಎರಡು ಸಲ ಬಿದ್ದ ಸಾರು ಇದ್ದಂಗ ಐತಿ,” ಎಂದೆ.

“ಹದಾ ಅಂದ್ರ ಎಷ್ಟಿರಬೇಕು?” ಎಂದರು ಅವರು.

“ಹದಾ ಅಂದ್ರ ಒಂದು ಸಲ, ಮ್ಯಾಲ ಒಂದು ಚಿಟಿಕಿ.”

ಅವರು ಕೊಳವೆ ಇಳಿಸಿ ನೋಡಿದರು. ನನ್ನ ಲೆಕ್ಕ ಹತ್ತಿರವಿತ್ತು. ಇವರ ಕಡೆ ತಿರುಗಿ, “ನಿಮ್ಮ ಬಾಯಾರಿಗೆ ಶಾಸ್ತ್ರ ಗೊತ್ತೈತಿ,” ಎಂದರು. ಮದುವೆಯಾದ ಹದಿನಾರು ವರ್ಷಗಳಲ್ಲಿ ನಾನು ಇವರ ಮುಂದೆ ಎದೆಯುಬ್ಬಿಸಿ ಕೂತದ್ದು ಅದೇ ಮೊದಲು.

ಹಬ್ಬದ ದಿನ

ಆ ವಾರದಲ್ಲೇ ಅತ್ತೆಯವರ ಕಾಗದ ಲಂಡನ್ನಿನಿಂದ ತಿರುಗಿ ಬಂದು ಕೈಸೇರಿತು. ಹಬ್ಬದ ತಿಥಿ ತಾರೀಖು ಬರೆಸಿದ್ದರು. ಮರುದಿನವೇ ನೀರು ತುಂಬುವ ಹಬ್ಬ! ದೀಪಾವಳಿಯ ಎಣ್ಣೆನೀರಿನ ಹಿಂದಿನ ದಿನ ನಮ್ಮಲ್ಲಿ ಬಚ್ಚಲಿನ ಹಂಡೆ, ಕೊಡ, ಬಾನಿ ಎಲ್ಲವನ್ನೂ ಹೊರಗೆಳೆದು, ಬೂದಿ ಹಚ್ಚಿ ತಿಕ್ಕಿ, ಸುಣ್ಣದ ಗೆರೆ ಎಳೆದು, ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ಆ ದಿನ ಮನೆಯಲ್ಲಿ ಹಳೆಯ ನೀರು ಉಳಿಯಬಾರದು. ಉಳಿದರೆ ವರ್ಷವೆಲ್ಲ ಹಳಸಲು ಎಂದು ಅತ್ತೆಯವರು ಹೇಳುತ್ತಾರೆ.

ಹಬ್ಬದ ದಿನ ಬೆಳಿಗ್ಗೆ ಇವರೂ ಮಿಸ್ ಪಾರ್ಕಿನ್ನರೂ ಕೆರೆಗೆ ಹೋದರು. ನಾನು ನೆಗಡಿಯೆಂದು ಉಳಿದೆ. ಒಬ್ಬಳೇ ಕೂತರೆ ಮನಸ್ಸು ನೇರ ಹೆಬ್ಬಳ್ಳಿಯ ಬಚ್ಚಲಿಗೆ ಓಡುತ್ತಿತ್ತು. ಈ ತಾಯಿ, ಮಿಸ್ ಪಾರ್ಕಿನ್, ನಮಗೆ ತನ್ನ ಮಂಚ ಬಿಟ್ಟುಕೊಟ್ಟು, ನಮಗೋಸ್ಕರ ತಾನೂ ಮಾಂಸ ಬಿಟ್ಟು, ಬಿಸಿನೀರಿನ ಚೀಲ ಹಾಸಿಗೆಯಲ್ಲಿಟ್ಟು ನೋಡಿಕೊಂಡಿದ್ದಾಳೆ. ಅವಳ ಮನೆಗೆ ಒಂದು ಹಬ್ಬವಾದರೂ ಮಾಡಿಕೊಡಬೇಡವೆ?

ಹಿತ್ತಲ ಬಾಗಿಲು ತೆಗೆದೆ. ನಳದ ಪಕ್ಕದಲ್ಲೇ ಕಲ್ಲಬಾನಿ. ದನಕ್ಕೆ ನೀರು ಕುಡಿಸಲು ನಮ್ಮಲ್ಲಿ ಇಡುತ್ತಾರಲ್ಲ, ಥೇಟು ಅದೇ. ಮೇಲೆ ಹಳೆಯ ಕಿಟಕಿಯ ಗಾಜು ಮುಚ್ಚಿತ್ತು. ಪಾಪ, ವಯಸ್ಸಾದವರು, ಬಗ್ಗಿ ತಿಕ್ಕಲು ಆಗದೆ ಬಂದವರ ಕಣ್ಣಿಗೆ ಬೀಳದಿರಲೆಂದು ಮುಚ್ಚಿದ್ದಾರೆ ಎಂದುಕೊಂಡೆ. ಗಾಜು ಸರಿಸಿದರೆ ಒಳಗೆ ಗೇಣುದ್ದ ಪಾಚಿ, ಅದರಡಿ ಕಪ್ಪು ಕೆಸರು. ಅಯ್ಯ ಶಿವನ, ಎಷ್ಟು ವರ್ಷದ್ದೋ!

ಸೆರಗು ಬಿಗಿದೆ. ಅತ್ತೆಯವರ ಗಂಟು ಬಿಚ್ಚಿದೆ. ಮೊದಲು ಪಾಚಿ, ಕೆಸರು, ನೀರು ಎಲ್ಲವನ್ನೂ ಹಳೆಯ ಪಾತ್ರೆಯಿಂದ ತೋಡಿ ತೆಗೆದೆ. ಬಾನಿಯ ಕೆಸರನ್ನು ಮೋರಿಗೆ ಚೆಲ್ಲುವ ಪದ್ಧತಿ ನಮ್ಮ ಒಕ್ಕಲು ಮನೆಗಳಲ್ಲಿ ಇಲ್ಲ, ಅದು ಗಿಡದ ಪಾಲು. ಬೇಲಿಯ ಹತ್ತಿರ ಒಂದು ಗುಲಾಬಿ ಇತ್ತು. ಅದರ ಬುಡದಲ್ಲಿ ಸುತ್ತಲೂ ಅಂಗೈ ಎತ್ತರದ ಮಣ್ಣಿನ ಕಟ್ಟೆ ಕಟ್ಟಿ, ಪಾತಿ ಮಾಡಿ, ನೀರು ಹೊರಗೆ ಹರಿಯದಂತೆ ಎಲ್ಲವನ್ನೂ ಅದರೊಳಗೆ ಸುರಿದೆ. ಆಮೇಲೆ ಬೂದಿ, ನಾರು. ರಟ್ಟೆ ಬೀಳುವ ಹಾಗೆ ತಿಕ್ಕಿ, ತೊಳೆದ ಬೂದಿನೀರನ್ನೂ ಪಾತಿಗೇ ಸುರಿದೆ. ಬಿಳಿಯ ಕಲ್ಲು ಹೊರಗೆ ಬಂತು. ನಳದ ಹೊಸ ನೀರು ತುಂಬಿದೆ. ಮಿಸ್ ಪಾರ್ಕಿನ್ನರ ಮೇಜಿನ ಮೇಲಿನ ಸೀಮೆಸುಣ್ಣದಿಂದ ಗೆರೆ ಎಳೆದೆ. ಗೋಡೆಯ ಬಳ್ಳಿ ಹರಿದು ಬಾನಿಗೆ ಸುತ್ತಿದೆ. ಕುಂಕುಮ ಇಟ್ಟು, ಕೈಮುಗಿದು, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟು ಕಾದೆ.

ಅವರು ಬಂದಾಗ ನಾನೇ ಕೈಹಿಡಿದು ಹಿತ್ತಲಿಗೆ ಕರೆತಂದೆ.

ಮಿಸ್ ಪಾರ್ಕಿನ್ ಬಾನಿಯನ್ನು ನೋಡಿದರು. ಒಂದು ಕೈಯನ್ನು ನೀರಿಗೆ ಇಳಿಸಿ, ತಳ ಮುಟ್ಟಿ, ಮೇಲೆ ತೆಗೆದರು. ಒಳಗೆ ಹೋದರು. ಒಳಗೆ ಕುರ್ಚಿ ಎಳೆದ ಸದ್ದು ಕೇಳಿತು.

“ಏನ್ ಮಾಡಿದಿ ಗಿರಿಜಾ!” ಎಂದರು ಇವರು. ಇವರ ಮುಖ ಬಿಳಿಚಿತ್ತು. “ನರಿಬಾಲ ಅದರಾಗ ಇತ್ತು. ಇದ್ದದ್ದ ಅಷ್ಟು.”

“ಬಾಟ್ಲ್ಯಾಗ ಇತ್ತಲ್ಲ?”

“ಬಾಟ್ಲ್ಯಾಗ ಬ್ಯಾರೆ. ನರಿಬಾಲ ಇದರಾಗ. ಬಂದ ದಿನಾನ ನನಗ ತೋರಿಸಿದ್ರು.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಮರತೆ.”

ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ಇವರನ್ನು ಬಿಡುತ್ತಿರಲಿಲ್ಲ. ಅವತ್ತು ಸಿಟ್ಟೂ ಬರಲಿಲ್ಲ. ಬಾನಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ಬಗೆಯದೆಯೇ ಆ ಕೆಲಸ ಮಾಡಿದ್ದೆ. ಕಡಲು ಬಿಟ್ಟುಹೋದದ್ದನ್ನು ನಾನು ಮುಗಿಸಿದ್ದೆ, ಅದೂ ಕುಂಕುಮ ಇಟ್ಟು.

ಗುಲಾಬಿಯ ಬುಡ

ಸ್ವಲ್ಪ ಹೊತ್ತಿಗೆ ಮಿಸ್ ಪಾರ್ಕಿನ್ ಹೊರಗೆ ಬಂದರು. ಕಣ್ಣು ಕೆಂಪಾಗಿದ್ದವು, ಆದರೆ ಕನ್ನಡಕ ಹಾಕಿಕೊಂಡಿದ್ದರು.

“ಕೆಸರು ಎಲ್ಲೆ ಚೆಲ್ಲಿದ್ರಿ? ಮೋರಿಗೇನು?”

“ಇಲ್ರಿ. ಗುಲಾಬಿ ಬುಡಕ್ಕ.”

ಅವರು ಗುಲಾಬಿಯ ಹತ್ತಿರ ಹೋಗಿ ನಿಂತರು. ನೀರು ಇಂಗಿ ಪಾತಿಯ ತುಂಬ ಕಪ್ಪು ಕೆಸರು ಕೂತಿತ್ತು. ಮುರಿದ ಪಾಚಿಯ ತುಣುಕುಗಳು ಅದರ ಮೇಲೆ ಬಾಡಿ ಬಿದ್ದಿದ್ದವು. ಅವರು ಆ ವಯಸ್ಸಿನಲ್ಲಿ ಮೊಣಕಾಲೂರಿ ಕೂತು, ಮಣ್ಣಿನ ಕಟ್ಟೆಯನ್ನು ಸುತ್ತಲೂ ಮುಟ್ಟಿ ನೋಡಿದರು. ಎಲ್ಲಿಯೂ ಒಡೆದಿರಲಿಲ್ಲ.

“ಈ ಕಟ್ಟಿ ನೀವ ಕಟ್ಟಿದ್ರೇನು?”

“ಹೌದ್ರಿ. ಇಲ್ಲಂದ್ರ ನೀರು ಹರದು ಹೋಗತೈತಿ. ನಮ್ಮ ಊರಾಗ ಎಲ್ಲಾರೂ ಹಿಂಗ ಕಟ್ಟತಾರ.”

“ಏನೂ ಹರದು ಹೋಗಿಲ್ಲ,” ಎಂದು ಅವರು ಇವರ ಮುಖ ನೋಡಿದರು. ಇವರು ಆಗಲೇ ಭೂತಗನ್ನಡಿ ಹಿಡಿದು ಬಗ್ಗಿದ್ದರು.

ಆಮೇಲೆ ಮಿಸ್ ಪಾರ್ಕಿನ್ ನನಗೆ ತಿಳಿಸಿ ಹೇಳಿದರು. ಗಿಡ ಸತ್ತಿದೆ, ಅದಕ್ಕೆ ಏನೂ ಮಾಡುವ ಹಾಗಿಲ್ಲ. ಆದರೆ ಇದು ಬೀಜ ಬಲಿತು ಉದುರುವ ಕಾಲ. ಬೀಜವೆಂದರೆ ಗಸಗಸೆಗಿಂತ ಸಣ್ಣ ಕಪ್ಪು ಕಾಳು. ಕವಚ ಗಟ್ಟಿ, ಕೆಸರಿನಲ್ಲಿ ವರ್ಷಗಟ್ಟಲೆ ನಿದ್ದೆ ಮಾಡಬಲ್ಲದು.

“ಬೂದಿಗೂ ಜಗ್ಗೂದಿಲ್ಲ ಅಂತ ಅನಸ್ತೈತಿ,” ಎಂದರು ಇವರು.

“ಇರಬಹುದು. ಖಾತ್ರಿ ಇಲ್ಲ,” ಎಂದರು ಮಿಸ್ ಪಾರ್ಕಿನ್. ಆ ಹೆಣ್ಣುಮಗಳು ನನ್ನ ಸಮಾಧಾನಕ್ಕೂ ಒಂದು ಸುಳ್ಳು ಹೇಳಲಿಲ್ಲ.

ಮೂವರೂ ಕೂತೆವು. ಮೂರು ಚಹಾದ ಚಮಚ. ಪಾತಿಯ ಕೆಸರನ್ನು ಮೇಲಿನಿಂದ ಪದರ ಪದರವಾಗಿ ಕೆರೆದು ಬಟ್ಟಲುಗಳಿಗೆ ತುಂಬಿದೆವು. ಸೋಸಲು ಇವರ ಒಂದು ಧೋತರ ಹರಿದೆ. ಅದನ್ನು ಹರಿಯುವಾಗ ಮಾತ್ರ ಮನಸ್ಸಿಗೆ ಸ್ವಲ್ಪ ಹಗುರವಾಯಿತು. ಟಾಮ್ ಎರಡು ಡಬ್ಬಿ ಕೆರೆಯ ನೀರು ತಂದುಕೊಟ್ಟ. ನಡೆದದ್ದನ್ನು ಕೇಳಿ ಟೊಪ್ಪಿಗೆ ತೆಗೆದ. ಆಮೇಲೆ ಅವನೂ ಒಂದು ಚಮಚ ಕೇಳಿದ. ನಮ್ಮಲ್ಲಿ ಕೈ ಕೆಸರಾದರೆ ಬಾಯಿ ಮೊಸರು. ಅವತ್ತು ಕೈ ಕೆಸರು, ಬಾಯಿಗೆ ಬರೀ ಚಹಾ.

ಕೆರೆಯ ನೀರಿಗೆ ಮಳೆನೀರು ಬೆರೆಸಿ ಹದ ಮಾಡಬೇಕಾಯಿತು. ಮಿಸ್ ಪಾರ್ಕಿನ್ ಗಾಜಿನ ಕೊಳವೆಯನ್ನು ತರಲಿಲ್ಲ. ಲೋಟವನ್ನು ನನ್ನ ಕಡೆ ಹಿಡಿದರು.

“ನೀವ ನೋಡ್ರಿ. ಒಂದು ಸಲ, ಮ್ಯಾಲ ಒಂದು ಚಿಟಿಕಿ.”

ನನ್ನ ನಾಲಗೆಗೆ ಅವತ್ತು ಕಣ್ಣೀರಿನ ಉಪ್ಪು ಯಾವುದು, ಕೆರೆಯ ಉಪ್ಪು ಯಾವುದು ತಿಳಿಯುತ್ತಿರಲಿಲ್ಲ. ಆದರೂ ನೋಡಿದೆ. ಇನ್ನೊಂದು ಬಟ್ಟಲು ಮಳೆನೀರು ಹಾಕಿಸಿದೆ. ಹದ ಎಂದೆ. ಅವರು ಮತ್ತೇನೂ ಕೇಳದೆ ಬಾನಿಗೆ ಸುರಿದರು.

ಕತ್ತಲಾಗುವ ಹೊತ್ತಿಗೆ ಬಾನಿಯ ತಳದಲ್ಲಿ ಮತ್ತೆ ಕೆಸರು ಕೂತಿತ್ತು, ಮೇಲೆ ನೀರು, ಅದರ ಮೇಲೆ ಕಿಟಕಿಯ ಗಾಜು. ನಾನು ಸುತ್ತಿದ ಬಳ್ಳಿಯನ್ನು ತೆಗೆಯಹೋದೆ. “ಇರಲಿ,” ಎಂದರು ಮಿಸ್ ಪಾರ್ಕಿನ್.

ಮರುದಿನ ತಿಂಡಿಗೆ ಕೂತಾಗ ಅವರು, “ನಿನ್ನೆ ನಿಮ್ಮ ಮ್ಯಾಲ ಭಾಳ ಸಿಟ್ಟು ಬಂದಿತ್ತು. ಸುಳ್ಳು ಯಾಕ ಹೇಳಲಿ. ಇವತ್ತು ಅರ್ಧಾ ಆಗೇತಿ,” ಎಂದು ರೊಟ್ಟಿಗೆ ಬೆಣ್ಣೆ ಹಚ್ಚಿ ಮೊದಲು ನನಗೇ ಕೊಟ್ಟರು. ಸಿಟ್ಟನ್ನೂ ಇಷ್ಟು ಪ್ರಾಮಾಣಿಕವಾಗಿ ಬಡಿಸುವವರನ್ನು ನಾನು ನೋಡಿರಲಿಲ್ಲ. ಹೊರಡುವ ದಿನ ಬೂದಿಯ ಗಂಟನ್ನು ಅಲ್ಲಿಯೇ ಬಿಡಲೇ ಎಂದು ಕೇಳಿದೆ. ಅವರು ಅವಸರ ಅವಸರದಿಂದ ಬೇಡವೆಂದರು. ಹಬ್ಬ ಮುಂದಿನ ವರ್ಷ ಯಾವಾಗ ಬರುತ್ತದೆ ಎಂದು ಮಾತ್ರ ಕೇಳಿದರು. ತಾರೀಖು ಬರೆದು ಕಳಿಸುತ್ತೇನೆ ಎಂದೆ.

ಧಾರವಾಡ

ನಾವು ಹಿಂದಿರುಗಿದ ಮೇಲೆ ತಿಂಗಳಿಗೊಂದು ಕಾರ್ಡು ಬರತೊಡಗಿತು. ನನ್ನ ಹೆಸರಿಗೆ, ಇವರ ಹೆಸರಿಗಲ್ಲ. ಕಾರ್ಡಿನ ತುಂಬ ಬಿಳಿ ಜಾಗ, ನಡುವೆ ಒಂದೇ ಮಾತು: ‘ಇನ್ನೂ ಇಲ್ಲ.’ ಫೆಬ್ರವರಿಯಲ್ಲಿ ಇನ್ನೂ ಇಲ್ಲ. ಮಾರ್ಚಿನಲ್ಲಿ ಇನ್ನೂ ಇಲ್ಲ. ಏಪ್ರಿಲಿನಲ್ಲಿ ಇನ್ನೂ ಇಲ್ಲ. ಅಂಚೆಯವನು ಓಣಿಯ ತಿರುವಿನಲ್ಲಿ ಕಂಡರೆ ನಾನು ಅಂಗಳಕ್ಕೆ ಇಳಿದು ನಿಲ್ಲುತ್ತಿದ್ದೆ. ಸಾಲೆಯಲ್ಲಿ ಹುಡುಗಿಯರು ಪದ್ಯ ಹೇಳುತ್ತಿದ್ದರೆ ನನ್ನ ತಲೆಯಲ್ಲಿ ಬಾನಿಯ ತಳ. ನಾವು ಮರಳಿದ ಮೇಲೆ ಹೆಬ್ಬಳ್ಳಿಯಿಂದ ಬಂದು ನಮ್ಮ ಜೊತೆಗೇ ಉಳಿದಿದ್ದ ಅತ್ತೆಯವರು ಕಾರ್ಡು ಬಂದಾಗೆಲ್ಲ ಕೇಳುವರು: “ಚಿಗೀತೇನವಾ?” ಇಲ್ಲವೆಂದರೆ, “ನನ್ನ ಬೂದಿ ಛಲೋ ಬೂದಿ. ಅದರಿಂದ ಏನೂ ಆಗಿರೂದಿಲ್ಲ,” ಎಂದು ತಮ್ಮ ಒಲೆಯ ಪರವಾಗಿ ವಾದ ಹೂಡುವರು.

ಮೇ ತಿಂಗಳಲ್ಲಿ ಕಾರ್ಡೇ ಬರಲಿಲ್ಲ. ಮಿಸ್ ಪಾರ್ಕಿನ್ ಹೇಳಿದ್ದ ಮಾತು, ಇನ್ನೊಂದು ವರ್ಷ ಬದುಕಬೇಕಾಗಿದೆ ಎಂದದ್ದು, ನೆನಪಾಗಿ ಅನ್ನ ಸೇರಲಿಲ್ಲ.

ಜೂನಿನಲ್ಲಿ ದಪ್ಪ ಲಕೋಟೆ ಬಂತು. ಒಳಗೆ ಮಡಿಸಿದ ಹಾಳೆ. ಹಾಳೆಯ ಮೇಲೆ ಹಸಿರು ಎಳೆ, ನನ್ನ ಕಿರುಬೆರಳ ಉಗುರಿನಷ್ಟು, ತುದಿಯಲ್ಲಿ ಒತ್ತಾಗಿ ಕೂಡಿ ಬಾಲದಂತೆ ಇತ್ತು. ಕೆಳಗೆ ಚೀಟಿ. ಇವರು ಓದಿ ಹೇಳಿದರು: ‘ನರಿಬಾಲ. ತಾನೇ ಮುರಿದು ಬಿದ್ದ ತುಣುಕು, ಕಿತ್ತದ್ದಲ್ಲ. ಬೆಳೆದದ್ದು ಗುಲಾಬಿಯ ಬುಡದ ಕೆಸರಿನಿಂದ. ಕಾಪಾಡಿದವರು: ಗಿರಿಜಾ, ಧಾರವಾಡ.’ ಕೆಡಿಸಿದವರು ಯಾರು ಎಂದು ಚೀಟಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ನಾನು ಸಾಲೆಗೆ ತಡವಾಗಿ ಹೋದೆ.

ಆ ಬೇಸಿಗೆಯಲ್ಲಿ ಟಾಮ್ ಬಾನಿಯೊಳಗಿನ ಅರ್ಧದಷ್ಟು ನರಿಬಾಲವನ್ನು ದೋಣಿಯಲ್ಲಿ ಕೊಂಡೊಯ್ದು ಕೆರೆಯ ನಡುವೆ ಇಳಿಸಿದನೆಂದು ಆಮೇಲೆ ತಿಳಿಯಿತು. ಈಗ ಅವನು ಕೋಲು ಎತ್ತುವುದು ಬರೀ ರೂಢಿಗಲ್ಲ.

ನೀರು ತುಂಬುವ ಹಬ್ಬ ಮತ್ತೆ ಬಂತು. ಬಚ್ಚಲ ಬಾನಿ ಎಳೆದು, ಸೆರಗು ಬಿಗಿದು, ಬೂದಿ ನಾರು ಕೈಯಲ್ಲಿ ಹಿಡಿದವಳು ನಿಂತುಬಿಟ್ಟೆ. ಬಾನಿಯ ಅಂಚಿಗೆ ಬೆರಳಷ್ಟು ಹಸಿರು ಹತ್ತಿತ್ತು.

“ಏನ್ರಿ, ಒಂದೀಟು ಬಂದು ನೋಡಿ ಹೋಗ್ರಿ. ಆಮ್ಯಾಲ ತಿಕ್ಕತೇನಿ.”

ಇವರು ಭೂತಗನ್ನಡಿ ತಂದು ಬಗ್ಗಿ ಬಹಳ ಹೊತ್ತು ನೋಡಿದರು. ಅತ್ತೆಯವರು ಬಾಗಿಲಲ್ಲಿ ನಿಂತು ಉಸಿರು ಹಿಡಿದಿದ್ದರು.

“ಇದು ಬರೇ ಪಾಚಿ,” ಎಂದರು. “ತಿಕ್ಕು.”

“ಖರೇನ?” ಎಂದರು ಅತ್ತೆಯವರು. “ಇನ್ನೊಮ್ಮೆ ನೋಡಪಾ.”

ಇನ್ನೊಮ್ಮೆ ನೋಡಿದರು. ತಿಕ್ಕಿದೆ. ಕೆಸರು ಪಾತಿಗೆ ಹೋಯಿತು.

ಎರಡು ವಾರದ ಮೇಲೆ ಮಿಸ್ ಪಾರ್ಕಿನ್ನರ ಕಾರ್ಡು ಬಂತು. ಮೇಲೆ ಹಬ್ಬದ ದಿನದ್ದೇ ತಾರೀಖು. ಬರೆದದ್ದು ಎರಡೇ ಸಾಲು:

‘ಇವತ್ತು ನಾನೂ ಬಾನಿಗೆ ನೀರು ತುಂಬಿದೆ. ತಿಕ್ಕಲಿಲ್ಲ.’